ಹಳೇ ಯುನಿಕ್ಸ್ ಮಷೀನಲ್ಲಿ ಡಯಲಪ್ ಸಿಗ್ತಿಲ್ವಾ? ಮೋಡೆಮ್ಮಿಂದ ಶುರು ಮಾಡಿ

ಡಯಲಪ್, ಅಂದ್ರೆ ಫೋನ್ ಲೈನಲ್ಲಿ ಮೋಡೆಮ್ ಮೂಲಕ ಸಿಗೋ ಇಂಟರ್ನೆಟ್, ಕೈಕೊಟ್ರೆ ಎಲ್ರೂ ಸೀದಾ ಪಿಪಿಪಿ (ಆ ಲೈನ್ ಮೇಲೆ ಇಂಟರ್ನೆಟ್ ಡೇಟಾ ಸಾಗಿಸೋ ಪ್ರೋಟೋಕಾಲ್) ಫೈಲ್‌ಗಳಿಗೆ ಕೈ ಹಾಕ್ತಾರೆ, ಒಂದೇ ಸಲ ನಾಲ್ಕು ಕಡೆ ತಿದ್ದಿ ಆಮೇಲೆ ಯಾವುದರಿಂದ ಏನಾಯ್ತು ಅಂತಾನೇ ತಿಳಿಯಲ್ಲ. ಹಾಗೆ ಮಾಡ್ಬೇಡಿ, ಕೆಳಗಿಂದ ಒಂದೊಂದೇ ಮೆಟ್ಟಿಲು ಹತ್ತಿ.

ಮೊದ್ಲು ಪಿಪಿಪಿ ನಡೆಸೋ ಪ್ರೋಗ್ರಾಮ್ ಪಿಪಿಪಿಡಿನ ಮರೆತುಬಿಡಿ. ಮೋಡೆಮ್ ಜೊತೆ ನೇರವಾಗಿ ಮಾತಾಡೋ ಪ್ರೋಗ್ರಾಮ್‌ಗಳಾದ ಮಿನಿಕಾಮ್ ಇಲ್ಲಾ ಸಿಯು ಓಪನ್ ಮಾಡಿ ಎಟಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಓಕೆ ಅಂತ ಬಂದ್ರೆ ಮೋಡೆಮ್ ಬದುಕಿದೆ. ಬರ್ಲಿಲ್ಲ ಅಂದ್ರೆ ಕೇಬಲ್ ನೋಡಿ, ಪೋರ್ಟ್ ನಂಬರೂ ನೋಡಿ, ಡಾಸ್‌ನ ಕಾಮ್ 1 ಲಿನಕ್ಸಲ್ಲಿ ಟಿಟಿವೈಎಸ್ 0 ಆಗಿರುತ್ತೆ, ತುಂಬಾ ಜನ ಎಡವೋದು ಇಲ್ಲೇ. ಪೋರ್ಟ್ ಲಾಕ್ ಆಗಿದೆ ಅಂತ ಹೇಳಿದ್ರೆ ಹಳೇ ಲಾಕ್ ಫೈಲ್ ಉಳ್ಕೊಂಡಿರಬಹುದು, ಅದರೊಳಗೆ ನಂಬರ್ ಬರೆದಿರೋ ಪ್ರೋಸೆಸ್ ನಿಜವಾಗ್ಲೂ ಸತ್ತಿದೆಯಾ ಅಂತ ನೋಡ್ಕೊಂಡೇ ಅಳಿಸಿ.

ಈಗ ಡಯಲ್ ಮಾಡೋ ಕಮಾಂಡ್ ಎಟಿಡಿಟಿ ಹಾಕಿ ನಂಬರ್ ಡಯಲ್ ಮಾಡಿ. ನೋ ಡಯಲ್‌ಟೋನ್ ಅಂತ ಬರ್ತಿದೆ, ಆದ್ರೆ ಫೋನ್ ಎತ್ತಿದ್ರೆ ಟೋನ್ ಕೇಳ್ಸುತ್ತೆ ಅಂದ್ರೆ ಎಟಿಎಕ್ಸ್3 ಕೊಡಿ, ಮೋಡೆಮ್ ಟೋನಿಗೆ ಕಾಯದೆ ಡಯಲ್ ಮಾಡುತ್ತೆ.

ಕನೆಕ್ಟ್ ಆದ್ಮೇಲೆ ಪರದೆ ಮೇಲೆ ಏನು ಬರುತ್ತೆ ಅನ್ನೋದೇ ಮುಖ್ಯ. ಲಾಗಿನ್ ಅಂತ ಕೇಳಿದ್ರೆ ನಿಮ್ಮ ಚಾಟ್ ಸ್ಕ್ರಿಪ್ಟ್ (ನಿಮ್ಮ ಬದ್ಲು ಡಯಲ್ ಮಾಡಿ ಲಾಗಿನ್‌ಗೆ ಉತ್ತರ ಕೊಡೋ ಸ್ಕ್ರಿಪ್ಟ್) ಅದಕ್ಕೆ ಕಾಯ್ಬೇಕು, ಮೊದಲ ಅಕ್ಷರ ಬಿಟ್ಟು ಉಳಿದದ್ದನ್ನು ಮಾತ್ರ ಬರೀರಿ, ಯಾಕಂದ್ರೆ ಅದು ದೊಡ್ಡಕ್ಷರನೋ ಚಿಕ್ಕಕ್ಷರನೋ ಹೇಳೋಕಾಗಲ್ಲ. ಅದರ ಬದ್ಲು ಟಿಲ್ಡೆ, ಸುರುಳಿ ಬ್ರಾಕೆಟ್ ಎಲ್ಲಾ ಕಲಸಿದ ಕಸ ಸುರಿದ್ರೆ ಗಾಬರಿಯಾಗಿ ಲೈನ್ ಕಟ್ ಮಾಡ್ಬೇಡಿ, ಆ ಕಡೆ ಸರ್ವರ್ ಆಗ್ಲೇ ಪಿಪಿಪಿ ಮಾತಾಡ್ತಿದೆ ಅಂತ ಅರ್ಥ. ಆಗ ಲಾಗಿನ್ ಸ್ಕ್ರಿಪ್ಟೇ ಬೇಡ, ಹೆಸರು ಪಾಸ್‌ವರ್ಡ್ ಪ್ಯಾಪ್ ಸೀಕ್ರೆಟ್ಸ್ ಫೈಲಲ್ಲಿದ್ರೆ ಸಾಕು, ಪಿಪಿಪಿಡಿ ಅಲ್ಲಿಂದ ತಗೊಂಡು ಕೊಡುತ್ತೆ.

ಇಷ್ಟಾದ್ಮೇಲೆ ಪಿಪಿಪಿಡಿಗೆ ಡೀಬಗ್ ಆಪ್ಷನ್ ಹಾಕಿ ಸಿಸ್ಟಮ್ ಲಾಗ್ ನೋಡಿ. ಎಲ್‌ಸಿಪಿ (ಪಿಪಿಪಿ ಲಿಂಕ್ ಶುರು ಮಾಡೋ ಮೊದಲ ಮಾತುಕತೆ) ಟೈಮ್‌ಔಟ್ ಅಂದ್ರೆ ಹೆಚ್ಚಾಗಿ ಆ ಕಡೆ ಇನ್ನೂ ಲಾಗಿನ್ನಲ್ಲೇ ನಿಂತಿದೆ. ಸರ್ವರ್ ತನ್ನನ್ನು ದೃಢಪಡಿಸ್ತಿಲ್ಲ ಅಂತ ದೂರು ಬಂದ್ರೆ ನೋಆಥ್ ಆಪ್ಷನ್ ಸೇರ್ಸಿ, ನಿಮ್ಮ ಮಷೀನೇ ಸರ್ವರ್ ಹತ್ರ ಪಾಸ್‌ವರ್ಡ್ ಕೇಳ್ತಿರುತ್ತೆ.

ಲಿಂಕ್ ಬಂತು, ಪೇಜ್ ಬರ್ತಿಲ್ವಾ? ಐಪಿ ನಂಬರಿಗೆ ಪಿಂಗ್ (ಆ ಕಡೆ ಉತ್ತರ ಕೊಡುತ್ತಾ ನೋಡೋ ಕಮಾಂಡ್) ಹೋಗಿ ಹೆಸರಿಗೆ ಹೋಗ್ತಿಲ್ಲ ಅಂದ್ರೆ ರಿಸಾಲ್ವ್ ಕಾನ್ಫ್ ಫೈಲಲ್ಲಿ ಹೆಸರನ್ನ ಐಪಿ ನಂಬರಾಗಿ ಬದಲಿಸೋ ನೇಮ್‌ಸರ್ವರ್ ಇಲ್ಲ. ಎರಡಕ್ಕೂ ಹೋಗ್ತಿಲ್ಲ ಅಂದ್ರೆ ಡೇಟಾ ಯಾವ ದಾರೀಲಿ ಹೋಗ್ಬೇಕು ಅಂತ ಹೇಳೋ ರೂಟ್ ಟೇಬಲ್ ನೋಡಿ, ಈಥರ್ನೆಟ್ ಕಾರ್ಡಿನ ಹೆಸರಲ್ಲಿ ಡೀಫಾಲ್ಟ್ ರೂಟ್ ಕೂತಿದ್ರೆ ಪಿಪಿಪಿಡಿ ತಾನಾಗೇ ಅದನ್ನು ಕೀಳಲ್ಲ, ನೀವೇ ತೆಗೀಬೇಕು.

ಪಿಂಗ್ ಸರಿ, ಆದ್ರೆ ದೊಡ್ಡ ಫೈಲ್ ಅರ್ಧಕ್ಕೆ ನಿಂತುಹೋಗ್ತಿದ್ರೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಸಾಕು, ಸ್ವಲ್ಪ ನಿಲ್ಲು ಅಂತ ಕೇಬಲಲ್ಲೇ ಹೇಳೋ ವ್ಯವಸ್ಥೆ) ಆನ್ ಇದೆಯಾ ನೋಡಿ. ಹಳೇ 8250, 16450 ಸೀರಿಯಲ್ ಚಿಪ್ (ಪೋರ್ಟ್ ನಡೆಸೋ ಚಿಪ್) ಒಂದ್ಸಲಕ್ಕೆ ಒಂದೇ ಬೈಟ್ ಹಿಡಿಯುತ್ತೆ, 16550ಎ ಆದ್ರೆ 16 ಬೈಟ್. ಹಳೇ ಚಿಪ್ಪಿದ್ರೆ ಪೋರ್ಟ್ ಸ್ಪೀಡನ್ನ 115200ರಿಂದ 19200ಕ್ಕೆ ಇಳಿಸಿ, ಇಫ್‌ಕಾನ್ಫಿಗ್ ಕಮಾಂಡ್ ತೋರಿಸೋ ಎರರ್ ಎಣಿಕೆ ಏರೋದು ನಿಂತ ಮೇಲೆ ಬೇಕಾದ್ರೆ ಒಂದು ಹಂತ ಮೇಲಕ್ಕೇರಿಸಿ ನೋಡಿ.