ಹೂಡಿಕೆ ಪಡೆಯುವ ಮುನ್ನ ಪಾಲಿನ ಲೆಕ್ಕ ಹಾಕಿ

ಏಂಜೆಲ್ ಹೂಡಿಕೆದಾರರಿಂದಾಗಲಿ, ವೆಂಚರ್ ಕ್ಯಾಪಿಟಲ್ ಸಂಸ್ಥೆಯಿಂದಾಗಲಿ ಹಣ ಪಡೆಯುವುದೆಂದರೆ ಕಂಪನಿಯ ಒಂದು ಭಾಗವನ್ನು ಮಾರುವುದು. ಕಂತು ಕಟ್ಟಬೇಕಿಲ್ಲ, ಬಡ್ಡಿ ಬೆಳೆಯುವುದಿಲ್ಲ ಎಂಬ ನೆಮ್ಮದಿಯಲ್ಲಿ ಅನೇಕ ಸಂಸ್ಥಾಪಕರು ಇದನ್ನೇ ಮರೆಯುತ್ತಾರೆ. ಎಷ್ಟು ಹಣ ಬಂತು ಎಂದು ಕೇಳುವಷ್ಟೇ ಗಟ್ಟಿಯಾಗಿ, ಯಾವ ಷರತ್ತಿನ ಮೇಲೆ ಬಂತು ಎಂದೂ ಕೇಳಿಕೊಳ್ಳಬೇಕು.

ಯಾರ ಬಳಿ ಹೋಗಬೇಕು?

ಏಂಜೆಲ್‌ಗಳು ಸ್ವಂತ ಹಣ ಹಾಕುವವರು. ಉತ್ಪನ್ನ ಅರ್ಧಂಬರ್ಧ ಇರುವಾಗಲೂ ವ್ಯಕ್ತಿಯನ್ನು ನಂಬಿ ಮುಂದೆ ಬರಬಲ್ಲರು. 1998ರ ಆಗಸ್ಟ್‌ನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಹಸಂಸ್ಥಾಪಕ ಆ್ಯಂಡಿ ಬೆಕ್ಟೋಲ್‌ಶೈಮ್ ಗೂಗಲ್ ಹೆಸರಿಗೆ 1 ಲಕ್ಷ ಡಾಲರ್ ಚೆಕ್ ಬರೆದಾಗ ಆ ಕಂಪನಿ ಇನ್ನೂ ನೋಂದಣಿಯೇ ಆಗಿರಲಿಲ್ಲ.

ವೆಂಚರ್ ಸಂಸ್ಥೆಗಳು ಪಿಂಚಣಿ ನಿಧಿ, ವಿಶ್ವವಿದ್ಯಾಲಯ ಮುಂತಾದವುಗಳ ಹಣವನ್ನು ಸುಮಾರು 10 ವರ್ಷಗಳ ಅವಧಿಗೆ ಕೂಡಿಸಿ ಹೂಡುತ್ತವೆ. ವರ್ಷಕ್ಕೆ ಶೇ 2ರಷ್ಟು ಶುಲ್ಕ, ಲಾಭದಲ್ಲಿ ಶೇ 20ರಷ್ಟು ಪಾಲು ಅವುಗಳ ರೂಢಿ. ಹಲವು ಹೂಡಿಕೆಗಳು ಮುಳುಗುತ್ತವೆ ಎಂದು ತಿಳಿದೇ, ಇಡೀ ನಿಧಿಯ ಹಣವನ್ನು ಮರಳಿ ತರಬಲ್ಲ ಒಂದೆರಡು ಕಂಪನಿಗಳನ್ನು ಹುಡುಕುತ್ತವೆ. ನಿಮ್ಮದು ನಿಧಾನವಾಗಿ, ಲಾಭದಲ್ಲೇ ಬೆಳೆಯುವ ವ್ಯವಹಾರವಾಗಿದ್ದರೆ ಈ ಹಣದ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ತಯಾರಿ ಮತ್ತು ಭೇಟಿ

ಮುಂದಿನ 18 ತಿಂಗಳ ಖರ್ಚು ಎಷ್ಟು, ಅಷ್ಟರಲ್ಲಿ ಏನನ್ನು ಸಾಧಿಸುತ್ತೀರಿ ಎಂದು ಬರೆದುಕೊಳ್ಳಿ. ಕೇಳಬೇಕಾದ ಮೊತ್ತ ಅದರಿಂದಲೇ ಹೊರಡುತ್ತದೆ. ಪಿಚ್ ಡೆಕ್, ಅಂದರೆ ಹೂಡಿಕೆದಾರರಿಗೆ ಕಂಪನಿಯನ್ನು ಪರಿಚಯಿಸುವ ಸ್ಲೈಡ್‌ಗಳು, 10–15 ಪುಟ ಸಾಕು. ಮಾರುಕಟ್ಟೆಯ ದೊಡ್ಡ ದೊಡ್ಡ ಅಂಕಿಗಳಿಗಿಂತ, ಹಣ ಕೊಟ್ಟು ಬಳಸಿ ಮತ್ತೆ ಮರಳಿ ಬಂದ ಗ್ರಾಹಕರ ವಿವರ ಹೆಚ್ಚು ತೂಗುತ್ತದೆ. ಮೊದಲ ಭೇಟಿಯಲ್ಲೇ ಗೋಪ್ಯತಾ ಒಪ್ಪಂದಕ್ಕೆ ಸಹಿ ಕೇಳಬೇಡಿ, ಹೂಡಿಕೆದಾರರು ಸಾಮಾನ್ಯವಾಗಿ ಹಾಕುವುದಿಲ್ಲ.

ಅವರಿಂದ ಈಗಾಗಲೇ ಹಣ ಪಡೆದ ಸಂಸ್ಥಾಪಕರ ಮೂಲಕ ಪರಿಚಯವಾದರೆ ಬಾಗಿಲು ಬೇಗ ತೆರೆಯುತ್ತದೆ. ಭೇಟಿಗಳನ್ನೆಲ್ಲ ಕೆಲವೇ ವಾರಗಳೊಳಗೆ ಇಟ್ಟುಕೊಳ್ಳಿ. ಪ್ರಸ್ತಾವಗಳು ಒಟ್ಟಿಗೆ ಬಂದಾಗ ಮಾತ್ರ ಚೌಕಾಸಿಗೆ ಬಲವಿರುತ್ತದೆ.

ಪಾಲಿನ ಲೆಕ್ಕ

ಹೂಡಿಕೆಗೆ ಮುನ್ನ ಕಂಪನಿಯ ಮೌಲ್ಯ 8 ಕೋಟಿ ಎಂದು ಒಪ್ಪಿ 2 ಕೋಟಿ ಪಡೆದಿರಿ ಎಂದುಕೊಳ್ಳಿ. ಹೂಡಿಕೆಯ ನಂತರದ ಮೌಲ್ಯ 10 ಕೋಟಿ, ಹೂಡಿಕೆದಾರರ ಪಾಲು ಶೇ 20. ನಿಮಗೆ ಶೇ 80 ಉಳಿಯಿತೇ? ಉದ್ಯೋಗಿಗಳ ಷೇರಿಗಾಗಿ ಶೇ 10 ಮೀಸಲಿಡಿ, ಅದೂ ಹೂಡಿಕೆಗೆ ಮುನ್ನವೇ ಆಗಲಿ ಎಂಬ ಷರತ್ತಿದ್ದರೆ ಆ ಶೇ 10 ನಿಮ್ಮ ಪಾಲಿನಿಂದಲೇ ಹೋಗುತ್ತದೆ. ಉಳಿಯುವುದು ಶೇ 70. ಕಾಗದದ ಮೇಲೆ 8 ಕೋಟಿ ಎಂದಿದ್ದರೂ ನಿಮ್ಮ ಷೇರುಗಳಿಗೆ ಸಿಕ್ಕ ಬೆಲೆ 7 ಕೋಟಿ. ಮುಂದಿನ ಸುತ್ತಿನಲ್ಲಿ ಮತ್ತೆ ಶೇ 20 ಮಾರಿದರೆ ಶೇ 56ಕ್ಕೆ ಇಳಿಯುತ್ತೀರಿ.

ಟರ್ಮ್ ಶೀಟ್ ಓದುವಾಗ

ಹೂಡಿಕೆಯ ಮುಖ್ಯ ಷರತ್ತುಗಳನ್ನು ಪಟ್ಟಿ ಮಾಡುವ ಪತ್ರವೇ ಟರ್ಮ್ ಶೀಟ್. ಅದರಲ್ಲಿ ಮೌಲ್ಯದ ಅಂಕಿ ನೋಡಿ ಹಿಗ್ಗುವ ಮೊದಲು ಲಿಕ್ವಿಡೇಶನ್ ಪ್ರಿಫರೆನ್ಸ್ ಎಂಬ ಷರತ್ತನ್ನು ಹುಡುಕಿ. ಕಂಪನಿ ಮಾರಾಟವಾದಾಗ ಮೊದಲು ಯಾರ ಕೈಗೆ ಎಷ್ಟು ಎಂಬುದನ್ನು ಹೇಳುವುದು ಅದೇ. ಮೇಲಿನ ಕಂಪನಿ 3 ಕೋಟಿಗೆ ಮಾರಾಟವಾಯಿತು ಎನ್ನಿ. ಹಾಕಿದಷ್ಟನ್ನು ಮೊದಲು ಪಡೆಯುವ ಸಾಮಾನ್ಯ ಷರತ್ತಿನಲ್ಲಿ ಹೂಡಿಕೆದಾರರು 2 ಕೋಟಿ ತೆಗೆದುಕೊಳ್ಳುತ್ತಾರೆ, ಉಳಿದವರೆಲ್ಲರಿಗೂ ಸೇರಿ 1 ಕೋಟಿ. ಅದೇ 20 ಕೋಟಿಗೆ ಮಾರಾಟವಾದರೆ ಅವರು ತಮ್ಮ ಶೇ 20ರ ಲೆಕ್ಕದಲ್ಲಿ 4 ಕೋಟಿ ಪಡೆಯುತ್ತಾರೆ. ಇದು ನ್ಯಾಯವಾದದ್ದೇ. ಆದರೆ ಹಾಕಿದ ಹಣವನ್ನೂ ಪಡೆದು, ಉಳಿದುದರಲ್ಲೂ ಪಾಲು ಕೇಳುವ ‘ಪಾರ್ಟಿಸಿಪೇಟಿಂಗ್’ ಷರತ್ತಿದ್ದರೆ ಅವರ ಕೈಗೆ 5.6 ಕೋಟಿ ಹೋಗುತ್ತದೆ. ಅಂಥ ಷರತ್ತಿನ ದೊಡ್ಡ ಮೌಲ್ಯಕ್ಕಿಂತ ಸರಳ ಷರತ್ತಿನ ಚಿಕ್ಕ ಮೌಲ್ಯವನ್ನೇ ನಾನು ಆರಿಸಿಕೊಳ್ಳುವೆ.

ಸಂಸ್ಥಾಪಕರ ಷೇರುಗಳಿಗೂ ವೆಸ್ಟಿಂಗ್, ಅಂದರೆ ಷೇರುಗಳ ಹಕ್ಕು ಒಮ್ಮೆಲೇ ಬಾರದೆ ಕಾಲ ಕಳೆದಂತೆ ಹಂತಹಂತವಾಗಿ ಕೈಸೇರುವ ಷರತ್ತು, ಕೇಳುವುದು ವಾಡಿಕೆ. ಸಾಮಾನ್ಯವಾಗಿ 4 ವರ್ಷ. ಮೊದಲ ವರ್ಷ ತುಂಬುವ ಮುನ್ನ ಹೊರಟರೆ ಏನೂ ದಕ್ಕುವುದಿಲ್ಲ. ಸಹಸಂಸ್ಥಾಪಕರು ಅರ್ಧದಲ್ಲಿ ಬಿಟ್ಟುಹೋದರೆ ಉಳಿದವರನ್ನು ಕಾಯುವುದೂ ಇದೇ. ಆಡಳಿತ ಮಂಡಳಿಯಲ್ಲಿ ಯಾರಿಗೆ ಎಷ್ಟು ಸ್ಥಾನ ಎಂಬುದನ್ನೂ ನೋಡಿಕೊಳ್ಳಿ.

ಸಹಿಯ ನಂತರ

ಟರ್ಮ್ ಶೀಟ್‌ನ ಬಹುತೇಕ ಅಂಶಗಳು ಕಾನೂನುಬದ್ಧ ಬಂಧನವಲ್ಲ. ಗೋಪ್ಯತೆ ಮತ್ತು ಇತರರೊಂದಿಗೆ ಮಾತುಕತೆ ನಡೆಸಬಾರದೆಂಬ ಅಂಶಗಳು ಮಾತ್ರ ಬದ್ಧವಾಗಿಸುತ್ತವೆ. ಬಳಿಕ ಲೆಕ್ಕಪತ್ರ, ತೆರಿಗೆ, ಒಪ್ಪಂದಗಳು, ಸಾಫ್ಟ್‌ವೇರ್ ಹಕ್ಕುಗಳ ಕೂಲಂಕಷ ಪರಿಶೀಲನೆ ನಡೆಯುತ್ತದೆ. ಹಳೆಯ ಉದ್ಯೋಗಿ ಬರೆದ ಕೋಡ್ ಕಂಪನಿಯ ಹೆಸರಿಗೆ ವರ್ಗವಾಗದಿದ್ದರೆ ವ್ಯವಹಾರ ಇಲ್ಲೇ ನಿಂತುಬಿಡಬಹುದು. ಹೂಡಿಕೆ ಒಪ್ಪಂದಗಳಲ್ಲಿ ಪಳಗಿದ ವಕೀಲರನ್ನು ಟರ್ಮ್ ಶೀಟ್‌ಗೆ ಸಹಿ ಹಾಕುವ ಮೊದಲೇ ಗೊತ್ತುಮಾಡಿಕೊಳ್ಳಿ, ಹಣ ಖಾತೆಗೆ ಬರುವವರೆಗೂ ಹೊಸ ಖರ್ಚಿಗೆ ಕೈಹಾಕಬೇಡಿ.