ವೀಲ್‌ಚೇರ್‌ನಲ್ಲಿ ನಯಾಗರ: ತಳ್ಳುವವರಿಗೆ ಒಂದಿಷ್ಟು ಪಾಠ

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಬಂದ ಅಪ್ಪ ಅಮ್ಮ ನಯಾಗರ ನೋಡದೆ ವಾಪಸ್ ಹೋಗುವುದು ಕಡಿಮೆ. ಆದರೆ ಮಂಡಿನೋವಿನ ಅಮ್ಮ 'ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ' ಅಂದ ತಕ್ಷಣ ಅವರನ್ನು ಪಾರ್ಕಿಂಗ್ ಪಕ್ಕದ ಬೆಂಚಿನಲ್ಲಿ ಕೂರಿಸಿ ಹೋಗುವವರು ಬಹಳ. ಹಾಗೆ ಮಾಡಬೇಡಿ. ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಸ್ಟೇಟ್ ಪಾರ್ಕ್‌ನ ಮುಖ್ಯ ಜಾಗಗಳಿಗೆ ಚಕ್ರ ಹೋಗುತ್ತದೆ. ಎಡವಟ್ಟಾಗುವುದು ತಳ್ಳುವವರ ಕೈಯಲ್ಲಿ.

ಮೊದಲು ಕುರ್ಚಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ನಾಲ್ಕೂ ಚಕ್ರ ಚಿಕ್ಕದಿರುವ 'ಟ್ರಾನ್ಸ್‌ಪೋರ್ಟ್ ಚೇರ್' ಬೇಡವೇ ಬೇಡ. ಆಸ್ಪತ್ರೆಯ ನುಣುಪು ನೆಲಕ್ಕೆ ಅದು ಸರಿ. ಹೊರಗೆ ಒಂದು ಜಲ್ಲಿಕಲ್ಲು, ಹಲಗೆಯ ಒಂದು ಸಂದು ಸಿಕ್ಕರೂ ಗಕ್ಕನೆ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಂದಿನ ಚಕ್ರ ದೊಡ್ಡದಿರುವುದನ್ನೇ ಬಾಡಿಗೆಗೆ ತನ್ನಿ. ಪಾರ್ಕ್‌ನ ವಿಸಿಟರ್ ಸೆಂಟರ್‌ನಲ್ಲೂ ಕೇಳಬಹುದು, ಆದರೆ ರಜಾದಿನಗಳಲ್ಲಿ ಅದನ್ನೇ ನಂಬಿ ಹೋಗಬೇಡಿ. ಗಾಳಿ ತುಂಬುವ ಟೈರ್ ಆದರೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಗಾಳಿ ಕಡಿಮೆಯಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಬ್ರೇಕ್ ಅಂದರೆ ಟೈರಿಗೆ ಒತ್ತಿಕೊಳ್ಳುವ ಒಂದು ಲೋಹದ ತುಂಡು, ಅಷ್ಟೇ ಅಲ್ವಾ?

ಬೆಳಿಗ್ಗೆಯೇ ಹೋಗಿ. ರಾತ್ರಿ ಬಣ್ಣದ ದೀಪ ಚೆನ್ನಾಗಿರುತ್ತೆ ಅಂತ ಸಂಜೆಗೆ ಹೊರಡುವವರಿದ್ದಾರೆ. ಆದರೆ ಅಮೆರಿಕ ಮತ್ತು ಕೆನಡಾ 1950ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಪ್ರವಾಸಿ ಕಾಲದ ಹಗಲಿನಲ್ಲಿ ಜಲಪಾತಕ್ಕೆ ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಬಿಡಬೇಕು. ರಾತ್ರಿ ಅದರ ಅರ್ಧ ಬಿಟ್ಟರೆ ಸಾಕು, ಉಳಿದದ್ದನ್ನು ಕರೆಂಟಿಗೆ ತಿರುಗಿಸುತ್ತಾರೆ. ಪೇಪರಿನಲ್ಲಿ ಕೆಆರ್‌ಎಸ್ ಒಳಹರಿವು ತಪ್ಪದೆ ಓದುವ ಅಪ್ಪನಿಗೆ ಈ ಲೆಕ್ಕ ಹೇಳಿ, ಮಾತಿಗೆ ಒಳ್ಳೆ ವಿಷಯ ಸಿಗುತ್ತದೆ.

ಪಾರ್ಕ್ ಒಳಗೆ ಹೋಗಲು ಟಿಕೆಟ್ ಇಲ್ಲ. ಪಾರ್ಕಿಂಗ್‌ಗೆ, ದೋಣಿಗೆ, ಇನ್ನು ಕೆಲವಕ್ಕೆ ದುಡ್ಡು. ಸೇತುವೆ ದಾಟಿ ಗೋಟ್ ಐಲ್ಯಾಂಡ್‌ಗೆ ಕಾರಿನಲ್ಲೇ ಹೋಗಿ. ಮೊದಲು ನೋಡಬೇಕಾದದ್ದು ಟೆರಾಪಿನ್ ಪಾಯಿಂಟ್. ಕುದುರೆ ಲಾಳದ ಆಕಾರದ ದೊಡ್ಡ ಜಲಪಾತ ಅಂಚು ದಾಟಿ ಬೀಳುವ ಜಾಗ ಅದು. ಕೆನಡಾ ವೀಸಾ ಇಲ್ಲ ಅಂತ ಕೊರಗುವವರು ಇಲ್ಲಿ ನಿಂತರೆ ಸಾಕು. ಇಷ್ಟು ಹತ್ತಿರದಿಂದ ನೀರು ನೋಡಿದ ಮೇಲೆ ಆ ಕಡೆಯ ದೂರದ ನೋಟ ನನಗಂತೂ ಸಪ್ಪೆ.

ಅಲ್ಲಿ ಮೆಟ್ಟಿಲು ಕಂಡರೆ ಗಾಬರಿಯಾಗಬೇಡಿ, ಇಳಿಜಾರಿನ ದಾರಿಯೂ ಇದೆ. ಜನ ತಪ್ಪು ಮಾಡುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಇಳಿಜಾರು ಕಡಿದಾಗಿದ್ದರೆ ಕುರ್ಚಿಯನ್ನು ಎದುರುಮುಖವಾಗಿ ಇಳಿಸಬೇಡಿ. ಪೂರ್ತಿ ತಿರುಗಿಸಿ. ನೀವು ಕೆಳಗೆ, ಕುರ್ಚಿ ಮೇಲೆ. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡಿ, ಹೆಗಲ ಮೇಲಿಂದ ದಾರಿ ನೋಡುತ್ತಿರಿ. ಆಗ ಕೂತವರ ಭಾರ ಕುರ್ಚಿಯ ಬೆನ್ನಿಗೆ ಬರುತ್ತದೆ, ಅವರು ಜಾರಿ ಮುಂದಕ್ಕೆ ಬೀಳುವುದಿಲ್ಲ. ತಿರುಗಿಸುವ ಮುಂಚೆ ಅವರಿಗೆ ಒಂದು ಮಾತು ಹೇಳಿ, ಸುಮ್ನೆ ಎಳೆದುಬಿಡಬೇಡಿ. ಫುಟ್‌ಪಾತ್‌ನ ಅಂಚು ಇಳಿಸುವಾಗಲೂ ಹೀಗೇ, ಹಿಂದಿನ ದೊಡ್ಡ ಚಕ್ರ ಮೊದಲು. ಅಂಚು ಹತ್ತಿಸುವಾಗ ಹಿಂದೆ ಕೆಳಗೆ ಚಾಚಿರುವ ಕೊಳವೆಯನ್ನು ಪಾದದಿಂದ ಒತ್ತಿ, ಹಿಡಿಯನ್ನು ನಿಮ್ಮತ್ತ ಎಳೆಯಿರಿ. ಮುಂದಿನ ಚಕ್ರ ತಾನಾಗಿ ಏಳುತ್ತದೆ. ಇಬ್ಬರು ಮೊಮ್ಮಕ್ಕಳು ಅಕ್ಕಪಕ್ಕ ಕೈಯೂರುವ ಆರ್ಮ್‌ರೆಸ್ಟ್ ಹಿಡಿದು ಕುರ್ಚಿ ಎತ್ತುವುದನ್ನು ನೋಡಿದ್ದೇನೆ. ಕೆಲವು ಕುರ್ಚಿಗಳಲ್ಲಿ ಆ ಆರ್ಮ್‌ರೆಸ್ಟ್ ಕಳಚಿ ಬರುವಂಥದ್ದು, ಎತ್ತಿದರೆ ಅದೊಂದೇ ಕೈಗೆ ಬರುತ್ತದೆ.

ಕಟಾಂಜನದ ಹತ್ತಿರ ಬಂದಮೇಲೆ ಇನ್ನೊಂದು ತಾಪತ್ರಯ. ನಿಂತವರಿಗೆ ಚೆನ್ನಾಗಿ ಕಾಣುವ ನೋಟಕ್ಕೆ ಕೂತವರ ಕಣ್ಣಿನ ಮಟ್ಟದಲ್ಲಿ ಕಂಬಿ ಅಡ್ಡ ಬರುತ್ತದೆ. ಕುರ್ಚಿಯನ್ನು ಓರೆಯಾಗಿ ನಿಲ್ಲಿಸಿ, ಒಂದು ಚಕ್ರ ಕಟಾಂಜನಕ್ಕೆ ತಾಗುವಷ್ಟು ಹತ್ತಿರ. ನೀವೂ ಒಮ್ಮೆ ಅವರ ಎತ್ತರಕ್ಕೆ ಬಗ್ಗಿ ನೋಡಿ, ಆಮೇಲೆ ಎರಡೂ ಬ್ರೇಕ್ ಹಾಕಿ. ಫೋಟೋಗೆ ಎದ್ದು ನಿಲ್ಲುತ್ತೇನೆ ಅಂದರೆ ಮೊದಲು ಫುಟ್‌ರೆಸ್ಟ್ ಮಡಚಿ. ಅದರ ಮೇಲೆ ಕಾಲೂರಿ ಎದ್ದರೆ ಕುರ್ಚಿಯೇ ಮುಂದಕ್ಕೆ ಮಗುಚುತ್ತದೆ.

ಸೀರೆಯ ವಿಷಯ ಹೇಳಲೇಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಕಾಲಿನ ನಡುವೆ ಒತ್ತಿಟ್ಟುಕೊಳ್ಳಲಿ. ದೋಣಿಯಲ್ಲಿ ಕೊಡುವ ನೀಲಿ ಪ್ಲಾಸ್ಟಿಕ್ ರೇನ್‌ಕೋಟ್ ಇನ್ನೂ ಕೆಟ್ಟದ್ದು. ಗಾಳಿಗೆ ಹಾರಿ ಸೀದಾ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಅಂಚನ್ನು ತೊಡೆಯ ಕೆಳಗೆ ತೂರಿಸಿ. ಕುಶನ್ ಮೇಲೆ ಮೊದಲೇ ಒಂದು ಪ್ಲಾಸ್ಟಿಕ್ ಚೀಲ ಹಾಕಿರಿ. ಒದ್ದೆ ಕುಶನ್ ಮೇಲೆ ಗಂಟೆಗಟ್ಟಲೆ ಕೂತರೆ ವಯಸ್ಸಾದವರ ಚರ್ಮ ಕೆಡುತ್ತದೆ.

'ಮೇಡ್ ಆಫ್ ದಿ ಮಿಸ್ಟ್' ದೋಣಿಗೆ ವೀಕ್ಷಣಾ ಗೋಪುರದ ಲಿಫ್ಟ್‌ನಲ್ಲಿ ಇಳಿಯಬೇಕು. 2020ರಿಂದ ಇಲ್ಲಿ ಓಡುವುದು ಬ್ಯಾಟರಿ ದೋಣಿ, ಹೊಗೆ ವಾಸನೆ ಇಲ್ಲ. ಕೆಳಗಿನ ಡೆಕ್‌ನಲ್ಲೇ ಇರಿ, ಮೇಲಕ್ಕೆ ಮೆಟ್ಟಿಲು. ಚಳಿಗಾಲದಲ್ಲಿ ದೋಣಿ ಇರುವುದಿಲ್ಲ.

'ಕೇವ್ ಆಫ್ ದಿ ವಿಂಡ್ಸ್' ಅಂದರೆ ಜಲಪಾತದ ಹತ್ತಿರಕ್ಕೆ ನಡೆದು ಹೋಗುವ ಪ್ರವಾಸ, ನನ್ನ ಪ್ರಕಾರ ವೀಲ್‌ಚೇರ್‌ನವರಿಗೆ ಅರ್ಧ ತೃಪ್ತಿ. ಲಿಫ್ಟ್ 175 ಅಡಿ ಕೆಳಗಿಳಿಸುತ್ತದೆ, ಆದರೆ ಜಲಪಾತದ ಬುಡದಲ್ಲಿ ನಿಂತು ನೋಡುವ ಅಟ್ಟಣೆ 'ಹರಿಕೇನ್ ಡೆಕ್‌'ಗೆ ಮೆಟ್ಟಿಲೇ ಗತಿ. ಅಲ್ಲಿನ ಮರದ ದಾರಿಯನ್ನು ಚಳಿಗಾಲಕ್ಕೆ ಮುಂಚೆ ಬಿಚ್ಚಿ, ಪ್ರತಿ ವಸಂತದಲ್ಲಿ ಮತ್ತೆ ಕಟ್ಟುತ್ತಾರೆ. ಹಾಗಾಗಿ ಚಕ್ರ ಎಲ್ಲಿಯವರೆಗೆ ಹೋಗುತ್ತದೆ ಅಂತ ಟಿಕೆಟ್ ಕೊಳ್ಳುವ ಮುಂಚೆ ಕೌಂಟರಿನಲ್ಲಿ ಕೇಳಿ, ಕೊಂಡ ಮೇಲಲ್ಲ.

ಕಾರಿಗೆ ಹಾಕುವ ಮುಂಚೆ ಚಕ್ರ, ಬ್ರೇಕ್, ಮಡಚುವ ಕೀಲು ಒರೆಸಿ. ಬಾಡಿಗೆ ಕುರ್ಚಿ ಒದ್ದೆಯಾಗಿ ಹಿಂತಿರುಗಿಸಿದರೆ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುವವರೂ ಇದ್ದಾರೆ.