ಹಳೇ ಬೀದಿಯಲ್ಲಿ ಹೊಸ ಮನೆ: ಕಿಟಕಿ ಒಳಕ್ಕೆ ಸರಿದ ಕಥೆ

ನೂರು ವರ್ಷ ದಾಟಿದ ಬೀದಿ. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳ ಸಾಲು, ನಡುವೆ ಆರು ಮೀಟರ್ ಅಗಲದ ಒಂದು ಖಾಲಿ ಸೈಟು. ಮನೆ ಕಟ್ಟಿಸಲು ಬಂದ ದಂಪತಿ ಮೊದಲೇ ಹೇಳಿಬಿಟ್ಟರು: "ಹಳೇ ಮನೆ ಥರಾನೇ ಕಾಣಬೇಕು ಸರ್." ನಾನೂ ತಲೆಯಾಡಿಸಿ ಕಮಾನು, ಕೆತ್ತನೆಯ ಕಂಬ ಎಲ್ಲ ಹಾಕಿ ನಕ್ಷೆ ಬರೆದೆ. ಎಲ್ಲವೂ ಕಾಂಕ್ರೀಟಿನದು. ಕಾಗದದ ಮೇಲೇ ಅದು ನಾಟಕದ ಪರದೆಯ ಹಾಗೆ ಕಾಣಿಸಿತು. ಹರಿದು ಹಾಕಿದೆ.

ಐತಿಹಾಸಿಕ ಪಟ್ಟಣಗಳ ಬಗೆಗಿನ 1987ರ ವಾಷಿಂಗ್ಟನ್ ಸನ್ನದು, ಸುತ್ತಲಿಗೆ ಹೊಂದುವ ಹೊಸ ಕಾಲದ ಅಂಶಗಳನ್ನು ತಡೆಯಬೇಕಿಲ್ಲ ಅನ್ನುತ್ತದೆ. ಸರಿ, ಆದರೆ ಹೊಂದುವುದು ಅಂದರೆ ಎಷ್ಟು ಸೆಂಟಿಮೀಟರ್? ಟೇಪು ಹಿಡಿದು ಬೀದಿಗಿಳಿದೆ.

ಎರಡು ದಿನ, ಹನ್ನೆರಡು ಮನೆ. ಪ್ಲಿಂತ್ (ಮನೆಯ ಅಡಿಗಟ್ಟು), ಲಿಂಟೆಲ್ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡತೊಲೆ), ಸೂರಿನ ಎತ್ತರ ಒಂದರಂತೆ ಇನ್ನೊಂದಿಲ್ಲ. ಆದರೂ ಕಿಟಕಿಗಳೆಲ್ಲ ಅಗಲಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಎತ್ತರ, ಮುಂಗೋಡೆಯಲ್ಲಿ ಕಿಂಡಿಗಿಂತ ಗೋಡೆಯೇ ಜಾಸ್ತಿ. ಇಷ್ಟನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಸಿಕ್ಕಿದ್ದು ಬೇರೆ. ಅಗಲ ಅಳೆಯಲು ಕಿಟಕಿಯೊಳಕ್ಕೆ ಕೈ ಚಾಚಿದರೆ ಮಣಿಕಟ್ಟು ದಾಟಿದ ಮೇಲೇ ಚೌಕಟ್ಟು ತಗುಲಿತು. ಗೋಡೆಯ ಮುಖದಿಂದ 22 ಸೆಂಟಿಮೀಟರ್ ಒಳಗೆ! ನನ್ನ ನಕ್ಷೆಯಲ್ಲಿ ಅದು ಬರೀ 5. ಬೀದಿಗೆ ಆ ಗಾಂಭೀರ್ಯ ಬಂದಿದ್ದು ಕೆತ್ತನೆಯಿಂದಲ್ಲ, ಪ್ರತಿ ಕಿಟಕಿಯಲ್ಲೂ ಬೀಳುವ ದಟ್ಟ ನೆರಳಿನಿಂದ.

ಈಗಿನ 20 ಸೆಂಟಿಮೀಟರ್ ಗೋಡೆಯಲ್ಲಿ ಆ ಆಳ ಎಲ್ಲಿಂದ ಬರಬೇಕು? ಮುಂಗೋಡೆ ಒಂದನ್ನು ಮಾತ್ರ 40ಕ್ಕೆ ದಪ್ಪ ಮಾಡಿದೆ. "ಹಾಲ್ ಚಿಕ್ಕದಾಯ್ತಲ್ಲ" ಎಂದು ಮನೆಯೊಡತಿ ಗೊಣಗಿದರು, ತಪ್ಪೇನಲ್ಲ. ಕೆಳಗೆ ಕಾರಿಗೆ ಅಗಲವಾದ ಶಟರ್ ಬೇಕೆಂಬ ಹಟ ಬಿಡಿಸಲು ಇನ್ನೂ ಕಷ್ಟಪಟ್ಟೆ. ಬಾಗಿಲು, ಕಿಟಕಿಗಳ ಸಾಲಿನಲ್ಲಿ ಅದು ಹಲ್ಲಿಲ್ಲದ ಬಾಯಿ.

ಕಮಾನಿಲ್ಲ, ಕಂಬವಿಲ್ಲ, ತೆಳು ಉಕ್ಕಿನ ಚೌಕಟ್ಟು, ಸುಣ್ಣದ ಗಾರೆ, ಅಷ್ಟೇ. ಎದುರು ಮನೆಯ ಯಜಮಾನರು ಬಂದು, "ಇನ್ನೂ ಕೆಲಸ ಮುಗಿದಿಲ್ಲವಾ?" ಅಂದರು. ಮುಗಿದು ತಿಂಗಳಾಗಿತ್ತು! ವಿಯೆನ್ನಾದಲ್ಲಿ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1909–11ರಲ್ಲಿ ಅರಮನೆಯೆದುರು ಅಲಂಕಾರವಿಲ್ಲದ ಕಟ್ಟಡ ಎಬ್ಬಿಸಿದಾಗ ಗಲಾಟೆಯಾಗಿ, ಕಡೆಗೆ ಕಿಟಕಿಗಳಿಗೆ ಹೂತೊಟ್ಟಿ ಕಟ್ಟಿ ರಾಜಿಯಾಗಿತ್ತು. ನನಗೆ ಆ ಮಟ್ಟದ ಗಲಾಟೆಯ ಭಾಗ್ಯವಿಲ್ಲ. ಯಜಮಾನರು ನಕ್ಕು ಹೋದರು.

ನಿಜವಾಗಿ ಪೆಟ್ಟು ತಿಂದಿದ್ದು ಹಿಂದುಗಡೆ. ನಮ್ಮ ಹಿತ್ತಲಿಗೆ ಮುಖ ಮಾಡಿದ್ದ ಪಕ್ಕದ ಮನೆಯ ಹಳೇ ಇಟ್ಟಿಗೆ ಗೋಡೆಗೆ ಮೇಸ್ತ್ರಿ ಸಿಮೆಂಟ್ ಪ್ಲಾಸ್ಟರ್ ಬಳಿದುಬಿಟ್ಟ. ಸುಣ್ಣದ ಗಾರೆಯೇ ಆಗಬೇಕೆಂದು ನಾನು ಮುಂಗೋಡೆಯ ಡ್ರಾಯಿಂಗಿನಲ್ಲಿ ಬರೆದಿದ್ದೆ, ಇಲ್ಲಿ ಬರೆದಿರಲಿಲ್ಲ. ಹಳೇ ಗೋಡೆ ಕುಡಿದ ನೀರು ಸುಣ್ಣದ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಮೊದಲ ಮಳೆಗಾಲಕ್ಕೇ ಅವರ ಮಲಗುವ ಕೋಣೆಯಲ್ಲಿ ಬಿಳಿ ಉಪ್ಪು ಹೂ ಬಿಟ್ಟು, ಗಾರೆ ಪುಡಿಪುಡಿಯಾಗಿ ಉದುರತೊಡಗಿತು. ಸಿಮೆಂಟ್ ಕೆರೆಸುವಾಗ ಇಟ್ಟಿಗೆಯ ಮುಖವೂ ಅದರ ಜೊತೆಗೇ ಕಿತ್ತು ಬಂತು. ನನ್ನ ಫೀಸಿನಲ್ಲೇ ಸುಣ್ಣದ ಗಾರೆ ಮಾಡಿಸಿದೆ. ಗೋಡೆ ಒಣಗಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು.